ಪೇಟಿಯ ಬಿಳಿ ಎರಡರ ಭೂಪದಾಗ ರಿ, ಪ ತಂಬೂರಿಗೆ ಕೂಡವಲ್ವು

ಪೇಟಿಪ್ರಿಯ (ಬಾಗಲಕೋಟೆ):
ಪೇಟಿ (ಹಾರ್ಮೋನಿಯಂ) ಹೊಸದಾಗಿ ಶ್ರುತಿ ಆಗೇದ. ಬಿಳಿ ಒಂದು (ಸಪ್ತಕದ ಮೊದಲ ಬಿಳಿ ಮನೆ, C) ಸಾ ಹಿಡಿದ್ರ ಭೂಪ ರಾಗ (ಸಾ ರಿ ಗ ಪ ಧ) ತಂಬೂರಿ ಜೋಡಿ ಚಲೋ ಕೂಡತೈತಿ. ಬಿಳಿ ಎರಡಕ್ಕ ಹೋದ್ರ ಗ, ಧ ಸರಿ. ರಿ, ಪ ಇಳಿದಂಗ ಕೇಳಸ್ತಾವ. ಟ್ಯೂನರ್‌ನಾಗ ಬಿಳಿ ಒಂದು 0, ಎರಡು +4, ಮೂರು −14, ಆರು −16 ಸೆಂಟ್ (ಅಕ್ಕಪಕ್ಕದ ಎರಡು ಮನೆ ನಡುವಿನ ಅಂತರದ ನೂರನೇ ಪಾಲು). ರೀಡ್ (ಸ್ವರ ಹೊರಡಿಸೋ ಹಿತ್ತಾಳೆ ಪಟ್ಟಿ) ಕೆಟ್ಟಾವೇನ್ರಿ?

ತಂತಿಕಿವಿ (ಬೆಳಗಾವಿ):
ರೀಡ್ ನೆಟ್ಟಗ ಅದಾವ್ರಿ. ನಿಮ್ಮ ಅಂಕಿನ ಹೇಳ್ತಾವ: ಪೇಟಿಯನ್ನ ಬಿಳಿ ಒಂದು ಸಾ ಹಿಡಿದು, ತಂಬೂರಿಗೆ ಪಕ್ಕಾ ಕೂಡೋ ಶುದ್ಧ ಸ್ವರಕ್ಕ ಕೂಡಿಸ್ಯಾರ. ಆ ಸಪ್ತಕದ ಮೆಟ್ಟಿಲು ಒಂದೇ ಅಳತೀವಲ್ಲ. ಸಾ–ರಿ ಕಂಪನದ ಅನುಪಾತ 9/8, ಅಂದ್ರ 204 ಸೆಂಟ್. ರಿ–ಗ 10/9, 182. ಗ–ಮ 16/15, 112. ನಾಟ್ಯಶಾಸ್ತ್ರದ ನಾಲ್ಕು, ಮೂರು, ಎರಡು ಶ್ರುತಿಯ (ಸ್ವರದ ಸಣ್ಣ ಅಂತರ) ಮೆಟ್ಟಿಲು ನೆನಸ್ರಿ. ಬಿಳಿ ಎರಡರಿಂದ ಮೂರಕ್ಕ ಇರೋದು 182ರ ಮೆಟ್ಟಿಲು. ಸಾ ಬಿಳಿ ಎರಡಕ್ಕ ಸರಿದಾಗ ಬಿಳಿ ಮೂರು ರಿ, ಆರು ಪ ಆಗತಾವ. ರಿಗೆ 204 ಬೇಕು, 182 ಸಿಗತೈತಿ. ಪಗೆ 702 ಬೇಕು, 680 ಸಿಗತೈತಿ. ಎರಡೂ ಕಡೆ 22ರ ಕೊರತೆ. ಪಗೆ ಕೋಮಲನೂ ಇಲ್ಲ, ತೀವ್ರನೂ ಇಲ್ಲ, ಅಚಲ ಸ್ವರ. ಅದಕ್ಕ ಅದರ ತಪ್ಪು ಕಿವಿಗೆ ಮೊದಲು ಚುಚ್ಚತೈತಿ.

ಪರೀಕ್ಷೆ: ಒಂದೇ ಸ್ಟಾಪ್ (ರೀಡ್ ಸಾಲಿಗೆ ಗಾಳಿ ಬಿಡೋ ಗುಂಡಿ) ಎಳೆದು ಮಧ್ಯ ಸಪ್ತಕದ ಬಿಳಿ ಎರಡು, ಆರು ಕೂಡಿ ಒತ್ರಿ. ಸೆಕೆಂಡಿಗೆ ಸುಮಾರು 11 ಸಲ ಅಲೆ (ದನಿ ಏರಿಳಿದು ನಡುಗೋದು) ಕೇಳಬೇಕು. ಬಿಳಿ ಒಂದು, ಐದು ಒತ್ತಿದ್ರ ಅಲೆ ಇರಬಾರದು. ಅಲ್ಲೂ ಬಂದ್ರ ರೀಡಿನಾಗ ಧೂಳು ಐತೇನು ನೋಡ್ರಿ.

ಪೇಟಿಪ್ರಿಯ:
ಸ್ಕೇಲ್ ಚೇಂಜರ್ (ಕೀಬೋರ್ಡ್ ಸರಿಸಿ ಸಾ ಬದಲಿಸೋ) ಪೇಟಿ ತಗೊಂಡ್ರ?

ತಂತಿಕಿವಿ:
ಉಪಯೋಗಿಲ್ಲರಿ. ಸರಿಯೋದು ಕೀಬೋರ್ಡ್, ರೀಡ್ ಇದ್ದಲ್ಲೇ ಇರತಾವ.

ಹಿತ್ತಾಳೆನಾಲಿಗೆ (ವಿಜಯಪುರ):
ಬಿಳಿ ಒಂದು, ಎರಡು ಎರಡೂ ಸಾ ಬೇಕಂದ್ರ ಬಿಳಿ ಮೂರು, ಆರನ್ನ ಏರಿಸಿ ಟ್ಯೂನರ್ 0ಕ್ಕ ನಿಲ್ಲಸ್ರಿ. ಬಿಳಿ ಎರಡರ ಪ 696 ಆಗತೈತಿ, 6ರ ಕೊರತೆ. ಬಿಳಿ ಒಂದರ ಗ 14, ಧ 16 ಏರತಾವ. ಪ 22 ಇಳಿಯೋದಕ್ಕಿಂತ ಇದು ವಾಸಿ. ಬಿಳಿ ಎರಡೇ ಸಾಕಂದ್ರ ಮೂರನ್ನ +8, ಆರನ್ನ +6ಕ್ಕ ಒಯ್ರಿ. ಆಗ ರಿ, ಪ ಪಕ್ಕಾ, ಆದರ ಬಿಳಿ ಒಂದರ ಗ, ಧ 22 ಏರಿ ಕೆಡತಾವ. ಕಪ್ಪು ಮೂರು, ಬಿಳಿ ಏಳನ್ನ ಮುಟ್ಟಬ್ಯಾಡ್ರಿ, ಅವು ಬಿಳಿ ಎರಡರ ಗ, ಧ, ಸರಿ ಅದಾವ.

ಸ್ವರ ಏರಿಸಾಕ ರೀಡಿನ ನಾಲಿಗೆ ಕೆಳಗ ತೆಳು ಬ್ಲೇಡ್ ಕೊಟ್ಟು, ತುದಿ ಕಡೆ ಎರಡು-ಮೂರು ಗೀರು ಕೆರೀರಿ. ತುದಿ ಹಗುರಾದ್ರ ಸ್ವರ ಏರತೈತಿ. ಬುಡದ ಕಡೆ ಕೆರೆದ್ರ ಇಳಿಯತೈತಿ. ಕೆರೆದ ಬಿಸಿಗೆ ಸ್ವರ ಇಳಿದಂಗ ತೋರತೈತಿ, ಆರಿದ ಮ್ಯಾಲೆ ಅಳೀರಿ. ಬಾಸ್ (ದಪ್ಪ ದನಿ), ಮೇಲ್ (ಅದರ ಮ್ಯಾಲಿನ ದನಿ) ಎರಡೂ ರೀಡ್ ಸಾಲು, ಎಲ್ಲಾ ಸಪ್ತಕ ಮಾಡಬೇಕು. ಒಂದು ಸಾಲು ಬಿಟ್ರ ಎರಡೂ ಸ್ಟಾಪ್ ಎಳೆದಾಗ ಅದೇ ಸ್ವರ ತನ್ನೊಳಗೇ ನಡುಗತೈತಿ.