‘ಪ್ರಾತಿನಿಧಿಕ ಸಮಾಲೋಚನೆ’: ಬಡಾವಣೆಯ ತಿಳುವಳಿಕೆ ಪತ್ರಕ್ಕೆ ಯಾವ ಮಾತು?

ಪ್ರಶ್ನೆ, ಮಡಿಕೇರಿಯಿಂದ:

ನಮಸ್ಕಾರ. ಊರಂಚಿನಲ್ಲಿ ಹೊಸ ವಸತಿ ಬಡಾವಣೆ ಬರುವ ಮುಂಚೆ ಜನರ ಅಭಿಪ್ರಾಯ ಕೇಳಲು ಒಂದು ತಿಳುವಳಿಕೆ ಪತ್ರ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಪ್ರಾತಿನಿಧಿಕ ಸಾರ್ವಜನಿಕ ಸಮಾಲೋಚನೆ’ ಎಂದಿದೆ. ಓದಿದವರು ‘ಪಂಚಾಯಿತಿ ಮೆಂಬರುಗಳ ಮೀಟಿಂಗಾ?’ ಎಂದೇ ಕೇಳುತ್ತಾರೆ. ‘ಮಾದರಿ’ (ಸ್ಯಾಂಪಲ್), ‘ಯಾದೃಚ್ಛಿಕ ಆಯ್ಕೆ’ (ರ‍್ಯಾಂಡಮ್ ಆಯ್ಕೆ) ಎಂಬವೂ ತೊಡಕಾಗಿವೆ. ತೋಟದ ಕೆಲಸಗಾರರ ಲೈನ್ ಮನೆಯವರಿಗೂ ಆದಿವಾಸಿ ಹಾಡಿಯವರಿಗೂ ತಿಳಿಯುವ, ಆದರೆ ಅರ್ಥ ಸಡಿಲವಾಗದ ಮಾತುಗಳು ಯಾವುವು? ‘ಆಕ್ಷೇಪಣೆ’, ‘ಅಹವಾಲು’, ‘ಆಲಿಕೆ’ಗಳಲ್ಲಿ ಯಾವುದು ಸರಿ?

ಉತ್ತರ, ಗೋಣಿಕೊಪ್ಪದಿಂದ:

‘ಪ್ರಾತಿನಿಧಿಕ’ ತಪ್ಪು ಪದವಲ್ಲ. ಆದರೆ ನಮ್ಮಲ್ಲಿ ಪ್ರತಿನಿಧಿ ಎಂದರೆ ಆರಿಸಿ ಬಂದವರು, ಇನ್ನೊಬ್ಬರ ಪರವಾಗಿ ಮಾತಾಡುವವರು. ನಿಮ್ಮ ಸಭೆಗೆ ಬರುವ ಮಂದಿ ಯಾರ ಪರವಾಗಿಯೂ ಮಾತಾಡಬೇಕಿಲ್ಲ, ತಮ್ಮ ಮಾತು ಆಡಿದರೆ ಸಾಕು. ಆ ಗುಂಪು ಊರಿನ ಹಾಗೆ ಇರಬೇಕು, ಅಷ್ಟೆ. ಊರಲ್ಲಿ ನೂರಕ್ಕೆ ಮೂವತ್ತು ಮನೆ ಲೈನ್ ಮನೆಯಾದರೆ ಸಭೆಯಲ್ಲೂ ಹತ್ತಕ್ಕೆ ಮೂರು ಮಂದಿ ಅಲ್ಲಿಯವರಿರಬೇಕು. ಈ ಅರ್ಥಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಪಡಿಯಚ್ಚು. ‘ಪ್ರತಿ’ಯ ತದ್ಭವವೇ ‘ಪಡಿ’. ಹಾಗಾಗಿ ಪ್ರತಿನಿಧಿಯೂ ಪಡಿಯಚ್ಚೂ ದೂರದ ನೆಂಟರೇ. ‘ಊರಿನ ಪಡಿಯಚ್ಚಿನಂಥ ಗುಂಪು’ ಎಂದು ಬರೆದರೆ ಮೆಂಬರುಗಳ ನೆನಪು ಬರುವುದಿಲ್ಲ.

‘ಎಲ್ಲರ ಸಭೆ’ ಎಂದು ಬರೆಯುವ ಸಲಹೆ ಬಂದರೆ ಒಪ್ಪಬೇಡಿ. ಎಲ್ಲರಿಗೂ ಬಾಗಿಲು ತೆರೆದಿಡುವುದು ಬೇರೆ, ಒಳಗೆ ಕೂತವರು ಊರಿನಂತೆ ಇರುವುದು ಬೇರೆ. ಬಾಗಿಲು ತೆರೆದಿದ್ದರೂ ಬರುವವರು ಸಾಮಾನ್ಯವಾಗಿ ಪಕ್ಕದ ಜಾಗದ ಮಾಲೀಕರು, ಬಿಡುವಿರುವ ಹಿರಿಯರು, ವಾಹನ ಇದ್ದವರು.

‘ಮಾದರಿ’ಯನ್ನು ಖಂಡಿತ ಬಿಡಿ. ಬಡಾವಣೆಯ ವಿಷಯದಲ್ಲಿ ‘ಮಾದರಿ’ ಎಂದ ಕೂಡಲೇ ಜನ ಮಾದರಿ ಮನೆಯನ್ನು ನೆನೆಯುತ್ತಾರೆ, ಇಲ್ಲವೇ ಆದರ್ಶ ಎಂಬ ಅರ್ಥಕ್ಕೆ ಹೋಗುತ್ತಾರೆ. ಕೊಡಗಿನಲ್ಲಿ ‘ಸ್ಯಾಂಪಲ್’ ಎಂದರೆ ಕಾಫಿ ಮಾರಿದವರಿಗೆಲ್ಲ ಗೊತ್ತು. 50 ಕಿಲೋ ಚೀಲದ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಎಷ್ಟು ಬೀಜ ಬರುತ್ತದೆ ಎಂದು ಔಟ್‌ಟರ್ನ್ ನೋಡುವಾಗ ಮೇಲಿನಿಂದ ಒಂದು ಹಿಡಿ ತೆಗೆದರೆ ಯಾರೂ ಒಪ್ಪುವುದಿಲ್ಲ. ಬೇರೆ ಬೇರೆ ಚೀಲದಿಂದ, ಮೇಲೆ, ನಡು, ತಳದಿಂದ ತೆಗೆದು ಬೆರೆಸಬೇಕು. ಸಭೆಗೆ ತಾವಾಗಿ ಬಂದವರು ಚೀಲದ ಬಾಯಿಯ ಹಿಡಿ ಇದ್ದಂತೆ. ವಿವರಿಸಲು ಇದಕ್ಕಿಂತ ಹತ್ತಿರದ ಹೋಲಿಕೆ ಇಲ್ಲಿ ಸಿಗುವುದಿಲ್ಲ.

‘ಯಾದೃಚ್ಛಿಕ’ ಪಠ್ಯಪುಸ್ತಕಕ್ಕಿರಲಿ. ಅದರ ಬದಲು ‘ಲಾಟರಿ ಮೂಲಕ ಆಯ್ಕೆ’ ಎಂದು ಮಾತ್ರ ಬರೆಯಬೇಡಿ, ಅದು ಇನ್ನೂ ಅಪಾಯ. ವಸತಿ ಯೋಜನೆಯಲ್ಲಿ ಲಾಟರಿ ಎಂದರೆ ಫಲಾನುಭವಿಗೆ ನಿವೇಶನ ಸಿಗುವುದು. ಹೆಸರು ಬಂದವರು ಸೈಟ್ ಸಿಕ್ಕಿತೆಂದು ಬರುತ್ತಾರೆ, ಬಾರದವರು ಜಗಳಕ್ಕೆ ಬರುತ್ತಾರೆ. ‘ಎಣಿಕೆಯ ಮೇಲೆ ಆರಿಸಿದ ಮನೆಗಳು’ ಎನ್ನಿ, ‘ಇದಕ್ಕೂ ನಿವೇಶನ ಹಂಚಿಕೆಗೂ ಸಂಬಂಧವಿಲ್ಲ’ ಎಂಬ ಸಾಲನ್ನು ಪಕ್ಕದಲ್ಲೇ ಸೇರಿಸಿ.

ಪದಕ್ಕೆ ತಕ್ಕ ಕೆಲಸವೂ ನಡೆಯಬೇಕಲ್ಲ. ವಾರ್ಡಿನಲ್ಲಿ 300 ಮನೆ, ಸಭೆಗೆ 40 ಮಂದಿ ಬೇಕು ಎಂದಿಟ್ಟುಕೊಳ್ಳಿ. ಮೂರು ಮನೆಗೊಂದರಂತೆ 100 ಮನೆ ಆರಿಸಿ. ಅರ್ಧಕ್ಕಿಂತ ಹೆಚ್ಚು ಮಂದಿ ಬಾರದಿದ್ದರೂ ಲೆಕ್ಕ ಕೂಡುತ್ತದೆ. ಮತದಾರರ ಪಟ್ಟಿಯ ಹೆಸರುಗಳ ಮೇಲೆ ಎಣಿಸಿದರೆ ದೊಡ್ಡ ಕುಟುಂಬದಿಂದ ಇಬ್ಬರು ಬಂದುಬಿಡಬಹುದು, ಆದ್ದರಿಂದ ಮನೆ ಎಣಿಸಿ. ಮನೆಯಲ್ಲಿ ‘ಯಾರಾದರೂ ಒಬ್ಬರು ಬನ್ನಿ’ ಎಂದರೆ ಯಜಮಾನರೇ ಬರುತ್ತಾರೆ. ‘18 ತುಂಬಿದವರಲ್ಲಿ ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರು’ ಎಂದು ಕೇಳುವುದು ಸಮೀಕ್ಷೆಯವರ ಹಳೆಯ ಉಪಾಯ. ಹುಟ್ಟಿದ ದಿನ ತಿಳಿಯದ ಹಿರಿಯರ ಆಧಾರ್‌ನಲ್ಲಿ ಜನವರಿ 1 ಎಂದೇ ಇರುವುದುಂಟು. ಅಂಥ ಮನೆಯಲ್ಲಿ ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಒಂದನ್ನು ಎತ್ತಿಸಿ.

ಸಭೆಗೆ ಬಂದ 40ರಲ್ಲಿ ಲೈನ್ ಮನೆಯವರು 12 ಇರಬೇಕಿತ್ತು, 4 ಮಂದಿ ಬಂದರು ಎನ್ನಿ. ಅವರ ಅಭಿಪ್ರಾಯವನ್ನು ಮೂರರಿಂದ ಗುಣಿಸುವುದಕ್ಕೆ ‘ತೂಕ ಕೊಡುವುದು’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ತೂಕ ಎಂದರೆ ಮರ್ಯಾದೆ, ಮಹತ್ವ. ಅವರ ಮಾತಿಗೆ ಹೆಚ್ಚು ಬೆಲೆ ಕೊಟ್ಟರೆಂದು ಉಳಿದವರು ದೂರುತ್ತಾರೆ. ‘ಸರಿತೂಗಿಸುವುದು’ ಎನ್ನಿ. ಆದರೂ 4 ಮಂದಿಯ ಮಾತನ್ನು 12 ಮಾಡುವುದು ನನಗೆ ಒಪ್ಪಿಗೆಯಿಲ್ಲ: ಅವರಲ್ಲಿ ಒಬ್ಬರು ಬೇರೆ ಮಾತಾಡಿದರೂ ಲೆಕ್ಕ ತಲೆಕೆಳಗಾಗುತ್ತದೆ. ಕೂಲಿ ಬಟವಾಡೆಯ ಸಂಜೆ ಲೈನಿಗೇ ಹೋಗಿ ಇನ್ನೂ ಎಂಟು ಮಂದಿಯನ್ನು ಕೇಳಿ. ತೋಟದ ರೈಟರ್ (ಗುಮಾಸ್ತ), ಮೇಸ್ತ್ರಿ ಪಕ್ಕದಲ್ಲಿ ನಿಂತಿರಬಾರದು. ಅವರಿದ್ದರೆ ಎಲ್ಲದಕ್ಕೂ ‘ಸರಿ’ ಎಂಬ ಉತ್ತರವೇ ಬರುತ್ತದೆ.

ಇನ್ನು ನಿಮ್ಮ ಮೂರು ಪದಗಳು. ‘ಆಲಿಕೆ’ಯನ್ನು ಇಲ್ಲಿ ಬಳಸಬೇಡಿ. ‘ಸಾರ್ವಜನಿಕ ಆಲಿಕೆ’ ಎಂದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ, ಕನಿಷ್ಠ 30 ದಿನಗಳ ನೋಟಿಸ್ ಕೊಟ್ಟು ಜಿಲ್ಲಾಧಿಕಾರಿ ಅಥವಾ ಅವರ ಪರವಾದ ಅಧಿಕಾರಿ ನಡೆಸುವ ಸಭೆ ಎಂದು ಓದುವವರಿದ್ದಾರೆ. ಕಟ್ಟಡ, ಟೌನ್‌ಶಿಪ್ ಯೋಜನೆಗಳಿಗೆ ಆ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ಅದೂ ಅಲ್ಲದೆ ಆ ಆಲಿಕೆಗೆ ಕೋರಂ, ಅಂದರೆ ಇಷ್ಟು ಮಂದಿ ಇರಲೇಬೇಕೆಂಬ ನಿಯಮ, ಇಲ್ಲ. ಹತ್ತು ಜನ ಬಂದರೂ ನಡೆಯುತ್ತದೆ. ಪಡಿಯಚ್ಚಿನ ಕಲ್ಪನೆ ಇರುವುದು ನಮ್ಮ ಗ್ರಾಮಸಭೆಯಲ್ಲಿ: ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಕೋರಂ ಜೊತೆಗೆ ಮಹಿಳೆಯರ ಪಾಲನ್ನೂ, ಪರಿಶಿಷ್ಟರ ಪಾಲನ್ನೂ ಹೇಳುತ್ತದೆ.

‘ಅಹವಾಲು’ ಕಷ್ಟ ಹೇಳಿಕೊಳ್ಳುವ ಮಾತು. ಅಹವಾಲು ಸಭೆ ಎಂದರೆ ರೇಷನ್ ಕಾರ್ಡು, ಹಕ್ಕುಪತ್ರ, ಆನೆ ಹಾವಳಿ ಎಲ್ಲವೂ ಬರುತ್ತದೆ. ಬರಬಾರದೆಂದಲ್ಲ, ಆದರೆ ಬಡಾವಣೆಯ ಮಾತು ಮೂಲೆಗೆ ಬೀಳುತ್ತದೆ.

‘ಆಕ್ಷೇಪಣೆ’ಯ ತೊಂದರೆ ಎಲ್ಲಕ್ಕಿಂತ ದೊಡ್ಡದು. ಮಹಾಯೋಜನೆಗೆ (ಊರಿನ ಮಾಸ್ಟರ್ ಪ್ಲಾನ್‌ಗೆ) 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 60 ದಿನ ಕೊಟ್ಟು ಬರಹದಲ್ಲಿ ಅಭಿಪ್ರಾಯ ಕೇಳುತ್ತದೆ. ಪ್ರಕಟಣೆಗೆ ಬರುವ ಹೊತ್ತಿಗೆ ಅದು ‘ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಪರಿಗಣಿಸಲಾಗುವುದು’ ಎಂದಾಗುತ್ತದೆ. ಈ ಒಂದು ಪದವೇ ಜನರನ್ನು ಸೋಸುತ್ತದೆ. ವಿರೋಧವಿದ್ದವರು ಬರೆಯುತ್ತಾರೆ. ಮನೆ ಬೇಕೆನ್ನುವವರಿಗೆ, ‘ಆಗಲಿ, ಆದರೆ ಚರಂಡಿ ಮೊದಲು’ ಎನ್ನುವವರಿಗೆ ಆ ನಮೂನೆಯಲ್ಲಿ ಜಾಗವೇ ಇಲ್ಲ. ‘ಅಭಿಪ್ರಾಯ’ ಎಂದೇ ಬರೆಯಿರಿ. ಬೇಕು, ಬೇಡ, ಹೀಗಾದರೆ ಬೇಕು ಎಂದು ಮೂರು ಕಲಂ ಇಡಿ.

ಸೇರಿಕೆ, ಸೋಮವಾರಪೇಟೆಯಿಂದ:

‘ಪಡಿಯಚ್ಚು’ ಒಪ್ಪಿದೆ. ಎರಡು ಮಾತು ಸೇರಿಸುತ್ತೇನೆ.

ಒಂದು, ‘ಸ್ಥಳೀಯರು’ ಎಂಬ ಪದ ಕರಡಿನಲ್ಲಿದ್ದರೆ ತೆಗೆಯಿರಿ. ಪೈಸಾರಿ ಎಂಬ ಸರ್ಕಾರಿ ಜಾಗದಲ್ಲಿ ಇರುವವರು, ಬಾಡಿಗೆಯವರು, ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರು ಅದನ್ನು ಕೇಳಿದರೆ ತಮಗಲ್ಲವೆಂದು ಸುಮ್ಮನಾಗುತ್ತಾರೆ. ‘ಇಲ್ಲಿ ವಾಸವಿರುವವರು’ ಸಾಕು. ಹೊಸ ಮನೆಗೆ ಬರಲಿರುವವರಿಗಂತೂ ಕರಡಿನಲ್ಲಿ ಹೆಸರೇ ಇಲ್ಲ. 2018ರ ಆಗಸ್ಟ್‌ನ ಭೂಕುಸಿತದ ನಂತರ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಮನೆ ಎದ್ದಾಗ ಅಲ್ಲಿಗೆ ಬರಬೇಕಾದ ಹಲವು ಕುಟುಂಬಗಳು ಇದ್ದದ್ದು ಬೇರೆ ಊರುಗಳಲ್ಲಿ. ಇಂಥವರು ಬಡಾವಣೆ ಏಳುವ ವಾರ್ಡಿನ ಪಟ್ಟಿಯಲ್ಲಿ ಎಷ್ಟು ಎಣಿಸಿದರೂ ಸಿಗುವುದಿಲ್ಲ. ನಿವೇಶನಕ್ಕೆ ಅರ್ಜಿ ಹಾಕಿದವರ ಪಟ್ಟಿಯಿಂದ ಬೇರೆಯಾಗಿ ಆರಿಸಬೇಕು. ಅವರನ್ನು ‘ಒಕ್ಕಲು ಬರಲಿರುವವರು’ ಎನ್ನೋಣ. ಮೂವತ್ತೊಕ್ಲು ಎಂಬ ಊರಿನ ಹೆಸರಲ್ಲೇ ಆ ಪದ ಉಳಿದಿದೆ. ಕೊಡವರ ‘ಒಕ್ಕ’ದ (ಮನೆತನದ) ಜೊತೆ ಬೆರೆಯದಂತೆ ‘ಬರಲಿರುವವರು’ ಎಂಬುದನ್ನು ಬಿಡಬೇಡಿ.

ಇನ್ನೊಂದು, ತಿಂಗಳು. ಜೂನ್‌ನಿಂದ ಆಗಸ್ಟ್ ಮಳೆ. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕುಯ್ಲು, ಆಗ ಒಂದು ದಿನದ ಕೆಲಸ ಬಿಟ್ಟು ಬರುವವರಿಲ್ಲ. ಸಂತೆಯ ದಿನ ಸಂತೆಯ ಹತ್ತಿರವೇ ಕೂತರೆ ಕೂಲಿ ತಪ್ಪುವುದಿಲ್ಲ. ಪತ್ರವನ್ನು ಓದಿ ಹೇಳುವವರಲ್ಲಿ ಯರವ, ಅರೆಭಾಷೆ, ಮಲಯಾಳ ಬಲ್ಲವರು ಇರಲಿ. ಬರಹ ಹೀಗಿರಬಹುದು:

‘ನಮ್ಮ ವಾರ್ಡಿನ ಪಕ್ಕ ಹೊಸ ಬಡಾವಣೆ ಮಾಡುವ ವಿಚಾರವಿದೆ. ಮೂರು ಮನೆಗೊಂದರಂತೆ ಎಣಿಸಿ ಆರಿಸಿದ ಮನೆಗಳಲ್ಲಿ ನಿಮ್ಮದೂ ಒಂದು. ಇದಕ್ಕೂ ನಿವೇಶನ ಹಂಚಿಕೆಗೂ ಸಂಬಂಧವಿಲ್ಲ. ನಿಮ್ಮ ಮನೆಯಿಂದ, 18 ತುಂಬಿದವರಲ್ಲಿ ಮುಂದಿನ ಹುಟ್ಟುಹಬ್ಬ ಯಾರದ್ದೋ ಅವರು ಬಂದು ಬೇಕು, ಬೇಡ, ಹೀಗಾದರೆ ಬೇಕು ಎಂದು ತಮ್ಮ ಅಭಿಪ್ರಾಯ ಹೇಳಬೇಕು. ಬರಲಾಗದಿದ್ದರೆ ನಾವೇ ಬಂದು ಕೇಳುತ್ತೇವೆ. ಹೇಳದೆ ಇದ್ದವರನ್ನು ಒಪ್ಪಿದವರೆಂದು ಲೆಕ್ಕ ಹಿಡಿಯುವುದಿಲ್ಲ.’