ಎಂಜಿಎ 1500: 70 ಮೈಲಿಗೇ 4,350 ಆರ್‌ಪಿಎಂ. 4.1 ಹಾಕಲೇ, 3.909 ಹಾಕಲೇ?

ಶೆಫೀಲ್ಡ್‌ವಾಸಿ:
ನಮಸ್ಕಾರ. ನನ್ನದು 1958ರ ಎಂಜಿಎ 1500, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎಂಜಿನ್ ಬಿಚ್ಚಿ ಕಟ್ಟಿಸಿ ಎರಡು ವರ್ಷ ಆಯಿತು, ಹೊಗೆ ಇಲ್ಲ, ಪಿಕಪ್ ಚೆನ್ನಾಗಿದೆ. ಗೋಳೆಲ್ಲ ಎಂ1 ಮೋಟಾರ್‌ವೇಗೆ ಹತ್ತಿದಾಗ. ಫೋನಿನ ಜಿಪಿಎಸ್ ಗಂಟೆಗೆ 70 ಮೈಲಿ ಅನ್ನುವಾಗ ಟ್ಯಾಕೋ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಮೀಟರ್) ಮುಳ್ಳು 4,350ರ ಹತ್ತಿರ, ಸ್ಪೀಡೋಮೀಟರ್ 74ರಲ್ಲಿ. ಅರ್ಧ ಗಂಟೆ ಓಡಿಸಿದರೆ ಹಿಟ್ಟಿನ ಗಿರಣಿಯಲ್ಲಿ ಕೂತು ಬಂದ ಹಾಗಾಗುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಕಾರ್ಖಾನೆಯಿಂದ ಬಂದ 4.3 ಅನುಪಾತದ ಗೇರ್ ತೆಗೆದು 4.1 ಹಾಕಲೇ, ಇದರ ನಂತರದ ಮಾದರಿ ಎಂಜಿಬಿಯ 3.909 ಹಾಕಲೇ? ಭಾನುವಾರ ವಿನ್ನಟ್ಸ್ ಪಾಸ್ ಹತ್ತುವ ಚಟ ಇದೆ, ಏರಿನಲ್ಲಿ ಗಾಡಿ ಉಸಿರುಗಟ್ಟಬಾರದು.

ಗ್ರೀಸ್‌ಕೈ:
ಸ್ವಲ್ಪ ತಡೀರಿ ಸಾರ್. ಒಳಗಿರುವುದು 4.3 ಅಂತ ಹೇಗೆ ಗೊತ್ತು? ನೀವು ಕೊಟ್ಟ ಲೆಕ್ಕವೇ ಅದನ್ನು ಒಪ್ಪುತ್ತಿಲ್ಲ. ಟೈರ್ ಯಾವುದು? ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನೀವೇ ಒಳಗೆ ಕೂತು, ಯಾರಿಂದಾದರೂ ಗಾಡಿ ತಳ್ಳಿಸಿ, ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಅಳೆದು ಹೇಳಿ.

ಶೆಫೀಲ್ಡ್‌ವಾಸಿ:
165ರ ರೇಡಿಯಲ್, 15 ಇಂಚು. ಹೆಂಡತಿ ತಳ್ಳಿದಳು, ಬೈಯುತ್ತಲೇ. 1.97 ಮೀಟರ್.

ಗ್ರೀಸ್‌ಕೈ:
ಅವರಿಗೊಂದು ಥ್ಯಾಂಕ್ಸ್ ಹೇಳಿ. ಈಗ ನೋಡಿ, 70 ಮೈಲಿ ವೇಗದಲ್ಲಿ ಆ ಚಕ್ರ ನಿಮಿಷಕ್ಕೆ ಸುಮಾರು 953 ಸುತ್ತು ಸುತ್ತುತ್ತದೆ. ಟಾಪ್ ಗೇರ್ ನೇರ 1:1, ಆದ್ದರಿಂದ 953ನ್ನು ಆಕ್ಸಲ್ ಅನುಪಾತದಿಂದ ಗುಣಿಸಿದರೆ ಎಂಜಿನ್ ವೇಗ. 4.3 ಆಗಿದ್ದರೆ 4,100 ಬರಬೇಕಿತ್ತು. ನಿಮಗೆ 250 ಹೆಚ್ಚು ಬರುತ್ತಿದೆ.

ಕ್ಲಚ್ ಜಾರುತ್ತಿದೆಯಾ? ಇಲ್ಲ. ಜಾರಿದರೆ ಟ್ಯಾಕೋ ಮಾತ್ರ ಏರುತ್ತದೆ. ಸ್ಪೀಡೋ ಕೇಬಲ್ ಗೇರ್‌ಬಾಕ್ಸ್ ಬಾಲದಿಂದ ಹೊರಡುವುದರಿಂದ ಅದು ಜಿಪಿಎಸ್ ಜೊತೆಗೇ ಇರುತ್ತಿತ್ತು. ನಿಮ್ಮದರಲ್ಲಿ ಎರಡೂ ಒಂದೇ ಅಳತೆಯಲ್ಲಿ, ಹೆಚ್ಚುಕಮ್ಮಿ ನೂರಕ್ಕೆ 6ರಷ್ಟು ಮೇಲಿವೆ. ಟೈರ್ ಸರಿಯಾಗಿದೆ. ಉಳಿದದ್ದು ಕ್ರೌನ್ ಪಿನಿಯನ್, ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ. ನನ್ನ ಅನುಮಾನ 4.55 ಮೇಲೆ, ಅಂದರೆ 9 ಹಲ್ಲಿನ ಪಿನಿಯನ್, 41 ಹಲ್ಲಿನ ಕ್ರೌನ್.

ಬಿಚ್ಚದೆಯೇ ಎಣಿಸಬಹುದು. ಸಮತಟ್ಟು ನೆಲದಲ್ಲಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ನೆಲದ ಮೇಲಿರುವ ಇನ್ನೊಂದಕ್ಕೂ ಕಟ್ಟೆ ಇಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನೇ, ಹಾಗಾಗಿ ಅದನ್ನು ಬಿಡಲೇಬೇಕು. ಅದಕ್ಕೇ ಇಷ್ಟೆಲ್ಲ ಕಟ್ಟೆ. ನ್ಯೂಟ್ರಲ್‌ಗೆ ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಒಂದು ಚಕ್ರ ನಿಂತೇ ಇರುವುದರಿಂದ ಕ್ರೌನ್ ತಿರುಗುವುದು 10 ಸುತ್ತು. ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ 43 ಸುತ್ತಿದರೆ 4.3, ನಲವತ್ತೈದೂವರೆ ಸುತ್ತಿದರೆ ನಾನು ಹೇಳಿದ್ದು. ನಾಲ್ಕು ಸುತ್ತು ಎಣಿಸಿ ಎದ್ದು ಬರಬೇಡಿ, ಅಷ್ಟರಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಐದನೇಗೇರ್:
ನಡುವೆ ಬಾಯಿ ಹಾಕುತ್ತೇನೆ. ಆಕ್ಸಲ್ ಮುಟ್ಟದೆ ಫೋರ್ಡ್ ಸಿಯೆರಾದ ಐದು ಗೇರಿನ ಬಾಕ್ಸ್ ಹಾಕಿಸಿಕೊಳ್ಳಿ. ಫಸ್ಟ್ ಗೇರ್ ಹೆಚ್ಚುಕಮ್ಮಿ ಎಂಜಿಎಯದ್ದೇ, ಐದನೆಯದು 0.82. ಏರಿಗೂ ಆಯಿತು, ಹೆದ್ದಾರಿಗೂ ಆಯಿತು.

ಗ್ರೀಸ್‌ಕೈ:
ಮಾತು ಸರಿ. ಆದರೆ ಬೆಲ್‌ಹೌಸಿಂಗ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಬದಲಾಗಬೇಕು, ದುಡ್ಡೂ ಹಾಗೇ ಹೋಗುತ್ತದೆ. ಮೊದಲು ಎಣಿಸಲಿ.

ಶೆಫೀಲ್ಡ್‌ವಾಸಿ:
ಎಣಿಸಿದೆ. ನಲವತ್ತೈದೂವರೆ! ಕಾರು ಮಾರಿದವರಿಗೆ ಫೋನ್ ಮಾಡಿದರೆ, ಅವರಿಗೂ ಹಿಂದಿನ ಮಾಲೀಕರು ಹಿಲ್ ಕ್ಲೈಂಬ್ (ಗುಡ್ಡ ಏರುವ ರೇಸ್) ಓಡಿಸುತ್ತಿದ್ದರಂತೆ. ಈಗ ಏನು ಮಾಡಲಿ?

ಗ್ರೀಸ್‌ಕೈ:
4.3ಕ್ಕೆ ಮರಳಿದರೆ 70ಕ್ಕೆ 4,100. 4.1 ಅಂದರೆ 3,900ರ ಆಸುಪಾಸು. ಅದು ಬಂದದ್ದು 1600 ಮಾರ್ಕ್ 2ರಲ್ಲಿ, ಹುಡುಕಾಟ ಜಾಸ್ತಿ. 3.909 ಅಂದರೆ 3,725. ನಿಮ್ಮ ಎಂಜಿನ್ನಿನ ಟಾರ್ಕ್ ತುದಿ ಮುಟ್ಟುವುದು 3,500ರಲ್ಲಿ, ಅದಕ್ಕಿಂತ ಸ್ವಲ್ಪ ಮೇಲೆ ಓಡುವುದು ಒಳ್ಳೆಯ ಜಾಗ. ನಾನಾದರೆ ಕಣ್ಣು ಮುಚ್ಚಿ 3.909. ಅದಕ್ಕಿಂತ ಕೆಳಗೆ ಹೋಗಬೇಡಿ, 1489 ಸಿಸಿ ಎಳೆಯುವುದಿಲ್ಲ. ಅಂಬಾಸಿಡರ್‌ನಲ್ಲೂ ಇದ್ದದ್ದು ಇದೇ ಬಿ-ಸೀರೀಸ್, ಹಾಸನದಲ್ಲಿ ಮಾವನ ಗ್ಯಾರೇಜಿನಲ್ಲಿ ಅದರ ಜೊತೆ ಬೆಳೆದವನು ನಾನು. ತಾಳ್ಮೆಯ ಎಂಜಿನ್, ಆದರೆ ಎತ್ತಿನ ಮೇಲೆ ಆನೆಯ ಹೊರೆ ಹೇರಬಾರದು.

ಏರಿನ ವಿಷಯ ಮುಚ್ಚಿಡುವುದಿಲ್ಲ: ಈಗಿನದಕ್ಕೆ ಹೋಲಿಸಿದರೆ ಪ್ರತಿ ಗೇರಿನಲ್ಲೂ ಎಳೆತ ನೂರಕ್ಕೆ 14ರಷ್ಟು ಕಡಿಮೆಯಾಗುತ್ತದೆ.

ಕೊಳ್ಳುವಾಗ ಎಂಜಿಬಿ ಎಂದರೆ ಸಾಲದು. ನಿಮ್ಮದರಂಥ ಬಾಂಜೋ ಆಕ್ಸಲ್ ಇದ್ದದ್ದು 1967ರವರೆಗಿನ ತೆರೆದ ಕಾರುಗಳಲ್ಲಿ ಮಾತ್ರ. ಮುಚ್ಚಿದ ಮಾದರಿ ಜಿಟಿಗೆ ಮೊದಲಿಂದಲೂ ಟ್ಯೂಬ್ ಆಕ್ಸಲ್, ಅದು ನಿಮಗೆ ಕೂರುವುದಿಲ್ಲ. ಹಾಫ್ ಶಾಫ್ಟ್ (ಆಕ್ಸಲ್‌ನಿಂದ ಚಕ್ರಕ್ಕೆ ಹೋಗುವ ಸರಳು) ತುದಿಯ ಸ್ಪ್ಲೈನ್, ಅಂದರೆ ಉದ್ದ ಹಲ್ಲುಗಳನ್ನು, ಎಣಿಸಿಕೊಂಡು ಹೋಗಿ. ಹಳೆಯ ಎಂಜಿಎಯ ಎಣಿಕೆಯೂ ಎಂಜಿಬಿಯದೂ ಒಂದೇ ಅಲ್ಲ. ಪಿನಿಯನ್ ಫ್ಲ್ಯಾಂಜಿನ ಬೋಲ್ಟ್ ತೂತುಗಳನ್ನೂ ತಾಳೆ ನೋಡಿ. ಕ್ರೌನ್ ಪಿನಿಯನ್ ಜೋಡಿಯನ್ನು ಅಗಲಿಸಬೇಡಿ. ಶಿಮ್ (ತೆಳು ತಗಡು) ಹಾಕಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, ಕೂರಿಸುವುದನ್ನು ಡಯಲ್ ಗೇಜ್ ಇರುವವರಿಗೇ ಬಿಡಿ. ತಪ್ಪಾದರೆ ಗಿರಣಿ ಹೋಗಿ ನಾದಸ್ವರ ಬರುತ್ತದೆ.

ಶೆಫೀಲ್ಡ್‌ವಾಸಿ:
ಏಳು ವಾರದ ನಂತರ. 3.909 ಕೂತಿದೆ, ಸದ್ದಿಲ್ಲ. 70ಕ್ಕೆ 3,700 ಚಿಲ್ಲರೆ, ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತಿದೆ. ವಿನ್ನಟ್ಸ್‌ನಲ್ಲಿ ಮೊದಲು ಸೆಕೆಂಡ್‌ನಲ್ಲೇ ಹೋಗುತ್ತಿತ್ತು, ಈಗ ಮುಂದೆ ಸೈಕಲ್ ಸಿಕ್ಕಿ ನಿಧಾನವಾದರೆ ಫಸ್ಟ್‌ಗೆ ಇಳಿಸಬೇಕು. ಒಪ್ಪಿಗೆ. ಆದರೆ ಸ್ಪೀಡೋ ಈಗ 64 ಅನ್ನುತ್ತಿದೆ?

ಗ್ರೀಸ್‌ಕೈ:
ಅದು ಇನ್ನೂ 4.3ರ ಲೆಕ್ಕದಲ್ಲೇ ಇದೆ ಸಾರ್. ರಿಪೇರಿಯವರ ಕೈಲಿ ಹೊಂದಿಸುವವರೆಗೆ ಗಾಜಿನ ಮೇಲೆ 64ರ ಹತ್ತಿರ ಒಂದು ತುಂಡು ಟೇಪ್ ಅಂಟಿಸಿಕೊಳ್ಳಿ. ಎಂ1ರ ಕ್ಯಾಮೆರಾಗಳಿಗೆ ಈ ಕಥೆಯೆಲ್ಲ ಗೊತ್ತಿಲ್ಲ.