ಸಹಾಯ ಬೇಕು: ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಮೈಎಸ್‌ಕ್ಯೂಎಲ್ ಒಳ್ಳೆಯದಾ, ಪೋಸ್ಟ್‌ಗ್ರೆಸ್ ಒಳ್ಳೆಯದಾ?

ಎಲ್ಲರಿಗೂ ನಮಸ್ಕಾರ. ಸಗಟು ವ್ಯಾಪಾರದ ಬಿಲ್ಲಿಂಗ್ ಮತ್ತು ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಯಾವ ಡೇಟಾಬೇಸ್ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ.

ಎಸ್‌ಕ್ಯೂಲೈಟ್ ಕೈಬಿಟ್ಟೆ. ಅದರಲ್ಲಿ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು, ಇಲ್ಲಿ ಹಲವು ಕೌಂಟರ್‌ಗಳಲ್ಲಿ ಒಟ್ಟಿಗೆ ಬಿಲ್ ಆಗುತ್ತಿರುತ್ತದೆ. ಉಳಿದಿದ್ದು ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್.

ನನ್ನ ತಲೆಬಿಸಿ ಇದು. ಗೋದಾಮಿನಲ್ಲಿ ಒಂದೇ ಪೆಟ್ಟಿಗೆ ಉಳಿದಿದೆ, ಇಬ್ಬರು ಒಂದೇ ಹೊತ್ತಿಗೆ ಮಾರಿದರು ಅಂದುಕೊಳ್ಳಿ. ಸ್ಟಾಕ್ ಮೈನಸ್‌ಗೆ ಹೋಗಬಾರದು, ಅಲ್ವಾ? ಎರಡರಲ್ಲೂ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಹಾಕಿ ಆ ಸಾಲನ್ನು ಲಾಕ್ ಮಾಡಬಹುದು, ಸರಿ. ಆದರೆ ಡಿಫಾಲ್ಟ್ ಐಸೊಲೇಷನ್ (ಒಟ್ಟಿಗೆ ನಡೆಯುವ ಕೆಲಸಗಳಲ್ಲಿ ಒಂದರ ಬದಲಾವಣೆ ಇನ್ನೊಂದಕ್ಕೆ ಎಷ್ಟು ಕಾಣಬೇಕು ಅನ್ನೋ ಮಟ್ಟ) ಬೇರೆ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ರೀಡ್ ಕಮಿಟೆಡ್ (ಪ್ರತಿ ಕ್ವೆರಿಗೂ ಅಲ್ಲಿವರೆಗೆ ಖಾಯಂ ಆದದ್ದು ಕಾಣುತ್ತದೆ), ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ (ಡೇಟಾ ಇಡುವ ಅದರ ಎಂಜಿನ್) ರಿಪೀಟಬಲ್ ರೀಡ್ (ಮೊದಲು ಓದಿದಾಗ ಕಂಡದ್ದೇ ಕೊನೆವರೆಗೂ ಕಾಣುತ್ತದೆ). ನಿಜವಾದ ಕೆಲಸದಲ್ಲಿ ಯಾವುದರಲ್ಲಿ ಡೆಡ್‌ಲಾಕ್ (ಇಬ್ಬರೂ ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾಯುತ್ತಾ ಸಿಕ್ಕಿಕೊಳ್ಳೋದು) ಕಾಟ ಜಾಸ್ತಿ?

ಇನ್ನೊಂದು. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆಯನ್ನೂ ರೋಲ್‌ಬ್ಯಾಕ್ (ಮಧ್ಯೆ ತಪ್ಪಾದರೆ ಮೊದಲಿನಂತೆ ವಾಪಸ್) ಮಾಡಬಹುದು, ಅದಕ್ಕೇ ಮನಸ್ಸು ಆ ಕಡೆ ವಾಲುತ್ತಿದೆ. ಆದರೆ ಡೇಟಾಬೇಸ್ ನೋಡಿಕೊಳ್ಳೋಕೆ ಪ್ರತ್ಯೇಕ ಡಿಬಿಎ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಹಳೆಯ, ಬೇಡವಾದ ಸಾಲುಗಳನ್ನು ತಾನಾಗೇ ಶುಚಿ ಮಾಡುವ ಆಟೊವ್ಯಾಕ್ಯೂಮ್ ಅನ್ನು ಅದರ ಪಾಡಿಗೆ ಬಿಟ್ಟರೆ ನಡೆಯುತ್ತಾ?

‘ಎರಡೂ ಚೆನ್ನಾಗಿವೆ’ ಅಂತ ಸುಮ್ನೆ ಹೇಳಬೇಡಿ, ಅದು ಗೊತ್ತು! ಬಳಸಿ ನೋಡಿದವರು ಹೇಳಿ. ಬ್ಯಾಕಪ್‌ಗೆ ಏನು ಮಾಡ್ತೀರಿ ಅನ್ನೋದನ್ನೂ ತಿಳಿಸಿದರೆ ಉಪಕಾರ.